ಶಾಲಾ ಕ್ವಿಜ್: ಜಗಳವಾಗದಂತೆ ಪ್ರಶ್ನೆ ಬರೆಯುವುದು ಹೇಗೆ?

ಕರದಂಟಿಗೆ ಹೆಸರಾದ ಊರು ಯಾವುದು? ವೇದಿಕೆ ಮೇಲೆ ಹೀಗೊಂದು ಪ್ರಶ್ನೆ ಕೇಳಿ ನೋಡಿ. ಬೆಳಗಾವಿ ಜಿಲ್ಲೆಯ ತಂಡ ಗೋಕಾಕ ಎನ್ನುತ್ತದೆ. ಬಾಗಲಕೋಟೆಯ ತಂಡ ಅಮೀನಗಡ ಎನ್ನುತ್ತದೆ. ಎರಡೂ ಸರಿ. ಆದರೆ ಕ್ವಿಜ್ ಮಾಸ್ಟರ್ ಕೈಯಲ್ಲಿರುವ ಚೀಟಿಯಲ್ಲಿ ಒಂದೇ ಊರಿನ ಹೆಸರು. ಅಲ್ಲಿಂದ ಹತ್ತು ನಿಮಿಷ ಆಟ ನಿಂತಿತು ಅಂತಲೇ ಲೆಕ್ಕ. ಮಕ್ಕಳು ಸುಮ್ಮನಿದ್ದರೂ ಜೊತೆಗೆ ಬಂದ ಮಾಸ್ತರರು ಸುಮ್ಮನಿರುವುದಿಲ್ಲ.

ರಾಜ್ಯೋತ್ಸವ, ಮಕ್ಕಳ ದಿನಾಚರಣೆ ಹತ್ತಿರ ಬಂದಾಗ ನಮ್ಮ ಕಡೆಯ ಶಾಲೆಗಳಲ್ಲಿ ಕ್ವಿಜ್ ಇದ್ದೇ ಇರುತ್ತದೆ. ಶಾಮಿಯಾನ, ಮೈಕು, ಹಾರ, ಅತಿಥಿ ಎಲ್ಲ ವಾರ ಮೊದಲೇ ತಯಾರು. ಪ್ರಶ್ನೆ ಮಾತ್ರ ಹಿಂದಿನ ರಾತ್ರಿ. ಗೊಂದಲವೆಲ್ಲ ಶುರುವಾಗುವುದು ಇಲ್ಲಿಂದಲೇ.

ಹೆಜ್ಜೆ 1: ಎಷ್ಟು ಪ್ರಶ್ನೆ ಬೇಕು?

ಆರು ತಂಡ, ಐದು ಸುತ್ತು ಅಂದರೆ ವೇದಿಕೆಗೆ 30 ಪ್ರಶ್ನೆ. ತಂಡಗಳನ್ನು ಆರಿಸುವ ಲಿಖಿತ ಸುತ್ತಿಗೆ 25. ಕೆಟ್ಟುಹೋದ ಪ್ರಶ್ನೆಗಳ ಬದಲಿಗೆ ಇನ್ನೂ 10. ಒಟ್ಟು 65. ಇದಕ್ಕಿಂತ ಜಾಸ್ತಿ ಬೇಡ.

ಹೆಜ್ಜೆ 2: ಪ್ರಶ್ನೆ ಎಲ್ಲಿಂದ ತರುವುದು?

ಬಸ್ ನಿಲ್ದಾಣದ ಅಂಗಡಿಯಲ್ಲಿ ನೇತುಹಾಕಿದ ಜಿಕೆ ಗೈಡ್‌ನಿಂದ ಮಾತ್ರ ಬೇಡ. ಮುಖಪುಟದ ಮೇಲೆ ಪ್ರತಿ ವರ್ಷ ಹೊಸ ಇಸವಿ ಅಚ್ಚಾಗಿರುತ್ತದೆ, ಒಳಗಿನ ಹೂರಣ ಹಳೆಯದೇ. ಕೊಳ್ಳುವ ಮೊದಲು ಎರಡು ಪುಟ ತೆರೆದು ನೋಡಿ. ಕರ್ನಾಟಕಕ್ಕೆ 30 ಜಿಲ್ಲೆ ಎಂದಿದ್ದರೆ ಅದು ವಿಜಯನಗರ ಜಿಲ್ಲೆ ಆಗುವ ಮೊದಲಿನ ಸರಕು. 2021ರಿಂದ 31 ಜಿಲ್ಲೆ. ಭಾರತಕ್ಕೆ 29 ರಾಜ್ಯ, 7 ಕೇಂದ್ರಾಡಳಿತ ಪ್ರದೇಶ ಎಂದಿದ್ದರೆ ಅದು 2019ಕ್ಕಿಂತ ಹಿಂದಿನದು. ಈಗ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ. ಈ ಎರಡು ಪುಟ ತಪ್ಪಿದ್ದರೆ ಉಳಿದ ಪುಟ ನೋಡುವುದೇ ಬೇಡ, ವಾಪಸ್ ಕೊಟ್ಟು ಬನ್ನಿ.

ವಾಟ್ಸ್ಆ್ಯಪ್‌ನಲ್ಲಿ ಬರುವ ‘1000 ಪ್ರಶ್ನೋತ್ತರ’ ಪಿಡಿಎಫ್‌ಗಳೂ ಇದೇ ಗೈಡ್‌ಗಳ ಮಕ್ಕಳು. ಈಗ ಇನ್ನೊಂದು ಅಡ್ಡದಾರಿ ಬಂದಿದೆ. ಮೊಬೈಲಿನ ಎಐ ಆ್ಯಪ್‌ಗೆ ‘ವಿಜಯಪುರದ ಬಗ್ಗೆ 50 ಪ್ರಶ್ನೆ ಕೊಡು’ ಎಂದರೆ ಅರ್ಧ ನಿಮಿಷದಲ್ಲಿ ಕೊಡುತ್ತದೆ. ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳುವುದು ಅದರ ಗುಣ. ವಿಷಯ ಹೊಳೆಯಲು ಬೇಕಾದರೆ ಬಳಸಿ, ಉತ್ತರಕ್ಕೆ ನಂಬಬೇಡಿ.

ನನ್ನ ಕೇಳಿದರೆ 5ರಿಂದ 10ನೇ ತರಗತಿಯ ಪಠ್ಯಪುಸ್ತಕ, ಒಂದು ಅಟ್ಲಾಸ್, ಶಾಲೆಯ ಲೈಬ್ರರಿಯಲ್ಲಿ ಧೂಳು ತಿನ್ನುತ್ತಿರುವ ಜಿಲ್ಲಾ ಗೆಜೆಟಿಯರ್, ಕಳೆದ ಆರು ತಿಂಗಳ ಪತ್ರಿಕೆ, ಇಷ್ಟು ಸಾಕು.

ಹೆಜ್ಜೆ 3: ಒಂದು ಪ್ರಶ್ನೆಗೆ ಒಂದೇ ಉತ್ತರ

ಇಲ್ಲಿ ನಿಧಾನವಾಗಿ ಹೋಗಿ. ಉಳಿದೆಲ್ಲ ಹೆಜ್ಜೆಗಳಿಗೆ ಒಂದು ಸಂಜೆ ಸಾಕು, ಇದಕ್ಕೆ ನಾಲ್ಕು ಸಂಜೆ ಇಟ್ಟುಕೊಳ್ಳಿ.

ಪ್ರಶ್ನೆ ಬರೆದ ಮೇಲೆ ಉತ್ತರವನ್ನು ಕೈಯಿಂದ ಮುಚ್ಚಿ. ಇದಕ್ಕೆ ಬೇರೆ ಯಾವ ಉತ್ತರ ಸರಿಯಾಗಬಹುದು ಎಂದು ಜಗಳಗಂಟನಂತೆ ಯೋಚಿಸಿ. ‘ಕೃಷ್ಣಾ ನದಿಯ ಉಪನದಿ ಯಾವುದು?’ ಚೀಟಿಯಲ್ಲಿ ಭೀಮಾ ಎಂದಿದೆ. ತಾಳಿಕೋಟೆ ಕಡೆಯ ಹುಡುಗಿ ಡೋಣಿ ಎನ್ನುತ್ತಾಳೆ. ಅವಳ ಊರ ಪಕ್ಕ ಹರಿಯುವ ಹೊಳೆ ಅದು, ಕೃಷ್ಣೆಗೇ ಸೇರುತ್ತದೆ. ಘಟಪ್ರಭಾ ಎಂದರೂ ಸರಿ, ಮಲಪ್ರಭಾ ಎಂದರೂ ಸರಿ, ತುಂಗಭದ್ರಾ ಎಂದರೂ ಸರಿ. ಇಂಥ ಪ್ರಶ್ನೆಗೆ ‘ತಪ್ಪು’ ಎಂದು ಹೇಳಿ ಆ ಹುಡುಗಿಯನ್ನು ಕೂರಿಸುವುದು ಅನ್ಯಾಯ, ಅಲ್ವಾ?

ಇದನ್ನು ಸರಿಮಾಡುವುದು ಸುಲಭ. ‘ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ ಯಾವುದು?’ ಎಂದು ಕೇಳಿ. ಉತ್ತರ ಮಲಪ್ರಭಾ, ಒಂದೇ. ಘಟಪ್ರಭಾ ಎಂದು ಹೇಳುವವರು ಬಹಳ ಮಂದಿ ಸಿಗುತ್ತಾರೆ. ಘಟಪ್ರಭಾ ಸೇರುವುದು ಚಿಕ್ಕಸಂಗಮದಲ್ಲಿ. ಅದನ್ನೇ ಮುಂದಿನ ಸುತ್ತಿಗೆ ಇನ್ನೊಂದು ಪ್ರಶ್ನೆ ಮಾಡಿಕೊಳ್ಳಬಹುದು.

ಇನ್ನೊಂದು ಉದಾಹರಣೆ ಸ್ವಲ್ಪ ಮೋಸದ್ದು. ‘ಕಂಚಿಯ ಪಲ್ಲವರ ಮೇಲಿನ ಗೆಲುವಿನ ನೆನಪಿಗೆ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿ ಯಾವುದು?’ ಎಷ್ಟು ಚೆನ್ನಾಗಿದೆ ನೋಡಿ. ಊರು ಇದೆ, ರಾಜ ಇದ್ದಾನೆ, ಕಾರಣವೂ ಇದೆ. ಆದರೂ ಕೈಕೊಡುತ್ತದೆ. ಏಕೆಂದರೆ ರಾಣಿಯರು ಇಬ್ಬರು. ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ ಗುಡಿ. ಅವಳ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು ಪಕ್ಕದ ಮಲ್ಲಿಕಾರ್ಜುನ ಗುಡಿ. ‘ರಾಣಿ’ ಇದ್ದಲ್ಲಿ ‘ರಾಣಿ ಲೋಕಮಹಾದೇವಿ’ ಎಂದು ಹಾಕಿದರೆ ಮುಗಿಯಿತು.

ಆಮೇಲೆ ‘ಮೊದಲ’, ‘ದೊಡ್ಡ’, ‘ಎತ್ತರದ’, ‘ಉದ್ದದ’ ಎಂಬ ಮಾತುಗಳು. ಇವು ಕಂಡಲ್ಲೆಲ್ಲ ಕೆಂಪು ಪೆನ್ನಿನಿಂದ ಗುರುತು ಹಾಕಿ. ವಿಜಯಪುರದಲ್ಲಿ ನಡೆಯುವ ಯಾವ ಕ್ವಿಜ್‌ನಲ್ಲೂ ‘ಜಗತ್ತಿನ ಎರಡನೇ ಅತಿ ದೊಡ್ಡ ಗುಮ್ಮಟ ಯಾವುದು?’ ತಪ್ಪುವುದಿಲ್ಲ. ಗೋಳಗುಮ್ಮಟದ ಗುಮ್ಮಟಕ್ಕೆ ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸ, ಒಳಗಿನಿಂದ ಸುಮಾರು 38 ಮೀಟರ್. ರೋಮಿನ ಪ್ಯಾಂಥಿಯನ್‌ಗೆ ಒಳಗೇ 43 ಮೀಟರ್. ಸಿಂಗಾಪುರದ ರಾಷ್ಟ್ರೀಯ ಕ್ರೀಡಾಂಗಣದ ಗುಮ್ಮಟ 310 ಮೀಟರ್. ಯಾವ ಅಳತೆ, ಯಾವ ಕಾಲ, ಯಾವ ಕಟ್ಟಡ ಎಂದು ಹೇಳದೆ ಒಂದನೇ ಎರಡನೇ ಸ್ಥಾನ ಹಂಚುವುದು ಕಷ್ಟ. ಗೋಳಗುಮ್ಮಟದ ಹಿರಿಮೆ ಇದರಿಂದ ಒಂದಿಂಚೂ ಕಡಿಮೆಯಾಗುವುದಿಲ್ಲ. ‘ಗೋಳಗುಮ್ಮಟ ಯಾವ ಸುಲ್ತಾನನ ಸಮಾಧಿ?’ ಎಂದು ಕೇಳಿ. ಮಹಮ್ಮದ್ ಆದಿಲ್ ಶಾಹ. ಯಾರೂ ಜಗಳಕ್ಕೆ ಬರುವುದಿಲ್ಲ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಪ್ರತಿಧ್ವನಿ ಎಷ್ಟು ಸಲ ಕೇಳುತ್ತದೆ ಎಂಬ ಪ್ರಶ್ನೆಯಂತೂ ಖಂಡಿತ ಬೇಡ. ಒಂದೊಂದು ಪುಸ್ತಕದಲ್ಲಿ ಒಂದೊಂದು ಲೆಕ್ಕ.

‘ಮೊದಲ’ ಕೂಡ ಹಾಗೇ. ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಶಿವನಸಮುದ್ರ ಎಂದು ನಾವೆಲ್ಲ ಕಲಿತಿದ್ದೇವೆ. ಅದು ಶುರುವಾಗಿದ್ದು 1902ರಲ್ಲಿ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೋಂಗ್ 1897ರದ್ದು. ಗೋಕಾಕ ಫಾಲ್ಸ್‌ನವರು ನಮ್ಮದು ಇವೆರಡಕ್ಕಿಂತ ಹಳೆಯದು ಎನ್ನುತ್ತಾರೆ. ಹೀಗಿರುವಾಗ ಅದನ್ನೇ ಕೇಳಬೇಕೆ?

ಪಂಡಿತರೇ ಒಪ್ಪದ ಇಸವಿಗಳನ್ನೂ ಬಿಡಿ. ಬಸವಣ್ಣನವರು ಹುಟ್ಟಿದ ವರ್ಷಕ್ಕೆ 1105, 1131, 1134 ಎಂದು ಬೇರೆ ಬೇರೆ ಕಡೆ ಬೇರೆ ಬೇರೆ ಇದೆ. ಮಗು ತನ್ನ ಪುಸ್ತಕದಲ್ಲಿ ಇದ್ದದ್ದನ್ನು ಹೇಳುತ್ತದೆ. ‘ಸರ್, ನಮ್ಮ ಪುಸ್ತಕದಾಗ ಹಿಂಗ ಐತ್ರಿ’ ಎಂದರೆ ನಿಮ್ಮ ಹತ್ತಿರ ಉತ್ತರವಿಲ್ಲ. ಎಲ್ಲರೂ ಒಪ್ಪುವ ಇಸವಿಗಳು ಬೇಕಾದಷ್ಟಿವೆ. 634ರ ಐಹೊಳೆ ಶಾಸನ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಪಟ್ಟದಕಲ್ಲು ಯುನೆಸ್ಕೋ ಪಟ್ಟಿ ಸೇರಿದ 1987.

ಕೊನೆಗೆ, ಎಲ್ಲರಿಗೂ ಗೊತ್ತಿರುವ ಸುಳ್ಳುಗಳು. ಭಾರತದ ರಾಷ್ಟ್ರೀಯ ಆಟ ಹಾಕಿ ಎನ್ನುವುದು ಇದರಲ್ಲಿ ಒಂದು. ಯಾವ ಆಟವನ್ನೂ ರಾಷ್ಟ್ರೀಯ ಆಟ ಎಂದು ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯವೇ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಟ್ಟಿದೆ. ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದಲ್ಲೇ ಇಳಿಯಿತು ಎನ್ನುವುದು ಇನ್ನೊಂದು. 2023ರ ಆಗಸ್ಟ್ 23ರಂದು ಅದು ಇಳಿದದ್ದು ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ‘ದಕ್ಷಿಣ ಧ್ರುವದ ಸಮೀಪದ ಪ್ರದೇಶ’ ಎಂದು ಬರೆಯಿರಿ, ಅಷ್ಟೇ.

ಪ್ರತಿ ಉತ್ತರವನ್ನೂ ಎರಡು ಕಡೆ ನೋಡಿ. ಒಂದನ್ನು ನೋಡಿ ಇನ್ನೊಂದು ಬರೆದಿದ್ದರೆ ಅದು ಎರಡು ಅಲ್ಲ, ಒಂದೇ. ಯಾವ ಪುಸ್ತಕ, ಎಷ್ಟನೇ ಪುಟ ಎಂದು ಪ್ರಶ್ನೆಯ ಪಕ್ಕ ಪೆನ್ಸಿಲ್‌ನಲ್ಲಿ ಬರೆದಿಡಿ. ಅನುಮಾನ ಬಂದ ಪ್ರಶ್ನೆಯನ್ನು ಉಳಿಸಲು ಒದ್ದಾಡಬೇಡಿ. ಹತ್ತು ಹೆಚ್ಚುವರಿ ಪ್ರಶ್ನೆ ಇರುವುದೇ ಇದಕ್ಕೆ.

ಹೆಜ್ಜೆ 4: ಯೋಚಿಸಿ ಹೇಳುವಂತೆ ಕೇಳಿ

ಬಾಯಿಪಾಠ ಮಾಡಿದ ಮಗುವಷ್ಟೇ ಗೆಲ್ಲುವ ಕ್ವಿಜ್ ಬೇಸರ ತರಿಸುತ್ತದೆ. ‘ರನ್ನ ಹುಟ್ಟಿದ ಊರು ಯಾವುದು?’ ಎಂದರೆ ಗೊತ್ತಿದ್ದವನಿಗೆ ಗೊತ್ತು, ಇಲ್ಲದವನಿಗೆ ಇಲ್ಲ. ‘ಹಳಗನ್ನಡದ ಒಬ್ಬ ದೊಡ್ಡ ಕವಿಯಿಂದಲೂ ಒಂದು ಬೇಟೆ ನಾಯಿ ತಳಿಯಿಂದಲೂ ಹೆಸರಾದ ಬಾಗಲಕೋಟೆ ಜಿಲ್ಲೆಯ ಪಟ್ಟಣ ಯಾವುದು?’ ಎಂದು ಕೇಳಿ. ಕವಿ ಗೊತ್ತಿಲ್ಲದ ಹುಡುಗನೂ ನಾಯಿಯ ದಾರಿಯಿಂದ ಮುಧೋಳ ತಲುಪುತ್ತಾನೆ. ‘ಆಗಸ್ಟ್ 15ಕ್ಕೆ ಜಯಂತಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲು, ಯಾರು?’ ಎಂದರೆ ಆ ಎರಡು ದಿನಾಂಕಗಳೇ ಸಂಗೊಳ್ಳಿ ರಾಯಣ್ಣನ ಕಡೆ ಕೈಹಿಡಿದು ಕರೆದೊಯ್ಯುತ್ತವೆ.

ಒಂದಿಷ್ಟು ತುಂಟತನವೂ ಇರಲಿ. ಜ್ಞಾನಪೀಠ ಪಡೆದವರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದವರು ಯಾರು ಎಂದರೆ ಅರ್ಧ ಸಭೆ ವಿ.ಕೃ. ಗೋಕಾಕ ಎಂದು ಕೂಗುತ್ತದೆ. ಗೋಕಾಕರು ಹುಟ್ಟಿದ್ದು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ಸರಿಯುತ್ತರ ಘೋಡಗೇರಿಯ ಚಂದ್ರಶೇಖರ ಕಂಬಾರ. ವೇದಿಕೆ ಮೇಲೆ ಇಂಥವು ಒಂದೆರಡು ಸಾಕು. ಜಾಸ್ತಿಯಾದರೆ ಮಕ್ಕಳು ಸುಲಭದ ಪ್ರಶ್ನೆಗೂ ಹೆದರುತ್ತಾರೆ.

ಬರೆದದ್ದನ್ನು ಗಟ್ಟಿಯಾಗಿ ಓದಿ. ನಡುವೆ ಉಸಿರು ತೆಗೆದುಕೊಳ್ಳಬೇಕಾಗಿ ಬಂದರೆ ಪ್ರಶ್ನೆ ಉದ್ದವಾಗಿದೆ. ‘ಕೆಳಗಿನವುಗಳಲ್ಲಿ ಯಾವುದು ಅಲ್ಲ’ ಎಂಬ ಜಾತಿಯ ಪ್ರಶ್ನೆ ಕಾಗದಕ್ಕೆ ಸರಿ, ಮೈಕಿಗೆ ಬೇಡ. ನಾಲ್ಕು ಆಯ್ಕೆ ಓದಿ ಮುಗಿಸುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ.

ಹೆಜ್ಜೆ 5: ಉತ್ತರದ ಸಾಲು

ಉತ್ತರದ ಮುಂದೆ ಬೇರೆ ಏನೇನು ಒಪ್ಪುತ್ತೀರಿ ಎಂದು ಬರೆಯಿರಿ. ಆಲಮಟ್ಟಿ ಜಲಾಶಯ ಎಂದರೂ ಸರಿ, ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ ಎಂದರೂ ಸರಿ. ಬರೀ ‘ಆದಿಲ್ ಶಾಹ’ ಎಂದರೆ ಒಪ್ಪಬೇಡಿ, ಆ ಮನೆತನದ ಎಲ್ಲ ಸುಲ್ತಾನರೂ ಆದಿಲ್ ಶಾಹಗಳೇ. ಇಂಗ್ಲಿಷ್ ಮಾಧ್ಯಮದ ಮಕ್ಕಳೂ ಇದ್ದರೆ ದ್ಯುತಿಸಂಶ್ಲೇಷಣೆಗೆ ಫೋಟೋಸಿಂಥೆಸಿಸ್ ಎಂದರೂ ಅಂಕ ಕೊಡಿ. ಇದನ್ನು ವೇದಿಕೆ ಮೇಲೆ ನಿಂತು ತೀರ್ಮಾನ ಮಾಡಲು ಹೋದರೆ ಪಕ್ಷಪಾತದ ಮಾತು ಬರುತ್ತದೆ.

ಒಂದು ಎಚ್ಚರಿಕೆ. ಪ್ರಶ್ನೆ ಹಾಳೆಯನ್ನು ಶಾಲೆ ಮುಂದಿನ ಜೆರಾಕ್ಸ್ ಅಂಗಡಿಗೆ ಕಳಿಸಬೇಡಿ. ಅಲ್ಲಿ ಸರದಿಯಲ್ಲಿ ನಿಂತವರೆಲ್ಲ ನಿಮ್ಮ ವಿದ್ಯಾರ್ಥಿಗಳೇ. ಕೈಬರಹದ ಒಂದೇ ಪ್ರತಿ ಸಾಕು.

ಹೆಜ್ಜೆ 6: ವೇದಿಕೆ

ಸ್ಕೋರ್ ಬರೆಯಲು ಕರಿಹಲಗೆ ಸಾಕು, ಪ್ರೊಜೆಕ್ಟರ್ ಬೇಡ.

ಒಂದು ತಂಡಕ್ಕೆ ಗೊತ್ತಿಲ್ಲದ ಪ್ರಶ್ನೆಯನ್ನು ಪಕ್ಕದ ತಂಡಕ್ಕೆ ದಾಟಿಸುವ ಪಾಸ್ ಪದ್ಧತಿಯಲ್ಲಿ ಒಂದು ಹುಳುಕಿದೆ. ಸಾಮಾನ್ಯವಾಗಿ ನೇರ ಉತ್ತರಕ್ಕೆ 10, ಪಾಸ್ ಆಗಿ ಬಂದದ್ದಕ್ಕೆ 5 ಅಂಕ. ಮೂರನೇ ತಂಡ ದುರ್ಬಲವಾಗಿದ್ದರೆ ನಾಲ್ಕನೇ ತಂಡಕ್ಕೆ ಪ್ರತಿ ಸುತ್ತಿನಲ್ಲೂ ಪುಕ್ಕಟೆ ಪ್ರಶ್ನೆ ಸಿಗುತ್ತದೆ. ಅದರ ಬದಲು ಹೀಗೆ ಮಾಡಿ: ಪ್ರಶ್ನೆಗೆ ಯಾವ ತಂಡ ಉತ್ತರ ಹೇಳುತ್ತದೋ ಅದರ ಪಕ್ಕದ ತಂಡಕ್ಕೆ ಮುಂದಿನ ನೇರ ಪ್ರಶ್ನೆ. ಪಾಸ್ ಆಗಿ ಬಂದ ಉತ್ತರಕ್ಕೂ 10 ಅಂಕ. ದೊಡ್ಡ ಕ್ವಿಜ್‌ಗಳಲ್ಲಿ ಇದಕ್ಕೆ ಬೌನ್ಸ್ ಎನ್ನುತ್ತಾರೆ. ಅರ್ಧ ಸುತ್ತು ಮುಗಿದ ಮೇಲೆ ದಿಕ್ಕು ತಿರುಗಿಸಿ, ಕೊನೆಯ ತಂಡದಿಂದ ಹಿಂದಕ್ಕೆ ಬನ್ನಿ.

ಬಜರ್ ಸುತ್ತು ಇಡುವುದಾದರೆ ಮೊದಲು ಒತ್ತಿದವರ ದೀಪ ಹೊತ್ತಿ ಉಳಿದವರದು ಲಾಕ್ ಆಗುವ ಸೆಟ್ ಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಬಣ್ಣಬಣ್ಣದ ಗುಂಡಿಗಳು ಬರೀ ಸದ್ದು ಮಾಡುತ್ತವೆ. ಆರೂ ಒಟ್ಟಿಗೆ ಕಿರುಚಿದಾಗ ಯಾರು ಮೊದಲು ಎಂದು ದೇವರಿಗೂ ತಿಳಿಯುವುದಿಲ್ಲ. ಒಳ್ಳೆಯ ಸೆಟ್ ಸಿಗದಿದ್ದರೆ ಬಜರ್ ಸುತ್ತನ್ನೇ ಬಿಡಿ. ತಂಡಕ್ಕೊಂದು ಸ್ಲೇಟು ಕೊಟ್ಟು ಎಲ್ಲರೂ ಒಟ್ಟಿಗೆ ಉತ್ತರ ಬರೆದು ತೋರಿಸಲಿ. ನನಗೆ ಬಜರ್‌ಗಿಂತ ಸ್ಲೇಟೇ ಇಷ್ಟ. ಮೆತ್ತಗಿನ ಮಕ್ಕಳಿಗೂ ಅವಕಾಶ ಸಿಗುತ್ತದೆ.

ಆಕ್ಷೇಪಣೆಗೆ ಒಬ್ಬರೇ ತೀರ್ಪುಗಾರರು, ಭಾಗವಹಿಸಿದ ಯಾವ ಶಾಲೆಯವರೂ ಅಲ್ಲದವರು ಇರಲಿ. ಪಠ್ಯಪುಸ್ತಕದಲ್ಲಿ ಇದ್ದದ್ದೇ ಕೊನೆಯ ಮಾತು ಎಂದು ಶುರುವಿನಲ್ಲೇ ಮೈಕಿನಲ್ಲಿ ಹೇಳಿ. ಪೆನ್ಸಿಲ್‌ನಲ್ಲಿ ಬರೆದ ಪುಟದ ಸಂಖ್ಯೆ ಕೆಲಸಕ್ಕೆ ಬರುವುದು ಆಗಲೇ.

ಇಬ್ಬರು ಸಮ ಬಂದರೆ ನಾಣ್ಯ ಚಿಮ್ಮಬೇಡಿ. ಹತ್ತಿರದ ಸಂಖ್ಯೆಯ ಪ್ರಶ್ನೆ ಒಂದನ್ನು ಕಿಸೆಯಲ್ಲಿ ಇಟ್ಟುಕೊಂಡಿರಿ. ‘ಗೋಕಾಕ ಜಲಪಾತದ ಎತ್ತರ ಎಷ್ಟು ಮೀಟರ್?’ ಉತ್ತರ 52. ಎರಡೂ ತಂಡ ಸ್ಲೇಟಿನಲ್ಲಿ ಬರೆಯಲಿ, ಯಾರದು ಹತ್ತಿರವೋ ಅವರಿಗೆ ಗೆಲುವು. ಒಂದು ತಂಡ 50, ಇನ್ನೊಂದು 54 ಎಂದು ಬರೆದು ಮತ್ತೆ ಸಮವಾಗುವುದೂ ಉಂಟು. ಅದಕ್ಕೇ ಇಂಥವು ಎರಡಾದರೂ ಇರಲಿ.