ಸೇವಾ ಸಂಸ್ಥೆಯ ಜಾಲತಾಣವನ್ನು ಮೊಬೈಲ್‌ಗೆ ಒಗ್ಗಿಸುವ ಬಗೆ

ಸೇವಾ ಸಂಸ್ಥೆಗಳಾಗಲಿ, ಲಾಭಕ್ಕಿಂತ ನ್ಯಾಯವನ್ನು ಮುಂದಿಟ್ಟುಕೊಂಡ ಸಣ್ಣ ಉದ್ದಿಮೆಗಳಾಗಲಿ ತಮ್ಮ ಜಾಲತಾಣವನ್ನು ಮೊಬೈಲ್‌ಗೆ ಹೊಂದಿಸಲು ಹೊರಟಾಗ ಸಾಮಾನ್ಯವಾಗಿ ಮುಖಪುಟಕ್ಕೇ ಮೊದಲು ಕೈ ಹಾಕುತ್ತವೆ. ದೇಣಿಗೆಯ ಪುಟದಿಂದ, ಅಂಗಡಿಯಾದರೆ ಹಣ ಪಾವತಿಸುವ ಪುಟದಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಕೊಡಬೇಕೆಂದು ಮನಸ್ಸು ಮಾಡಿ ಬಂದವರು ಅಲ್ಲಿ ಎಡವಿ ಹಿಂದಿರುಗಿದರೆ ಮುಖಪುಟ ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ.

ಅಗ್ಗದ, ಸ್ವಲ್ಪ ಹಳೆಯದಾದ ಫೋನ್ ಒಂದನ್ನು ತೆಗೆದುಕೊಂಡು, ವೈಫೈ ಆಫ್ ಮಾಡಿ, ನಿಮ್ಮದೇ ಸಂಸ್ಥೆಗೆ ಚಿಕ್ಕ ಮೊತ್ತವೊಂದನ್ನು ರಶೀದಿ ಬರುವವರೆಗೂ ಕಳುಹಿಸಿ ನೋಡಿ. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳನ್ನಷ್ಟೇ ಬಳಸಿ. ಎಲ್ಲಿ ಕಾಯಬೇಕಾಯಿತು, ಯಾವ ಕಡೆ ಬೇರೆ ಗುಂಡಿ ಒತ್ತಿಹೋಯಿತು, ಕುಕೀ ಅನುಮತಿಯ ಪಟ್ಟಿ ಯಾವುದನ್ನು ಮುಚ್ಚಿತು ಎಂಬುದನ್ನೆಲ್ಲ ಬರೆದಿಟ್ಟುಕೊಂಡರೆ, ಮಾಡಬೇಕಾದ ಕೆಲಸ ತಾನಾಗಿ ಕಣ್ಣಿಗೆ ಬೀಳುತ್ತದೆ.

ಹೆಚ್ಚಿನ ತೊಂದರೆ ಇರುವುದು ಫಾರ್ಮ್‌ನಲ್ಲಿ. ಫೋನ್ ನಂಬರಿನ ಜಾಗವನ್ನು ತಟ್ಟಿದಾಗ ಅಕ್ಷರಗಳ ಕೀಬೋರ್ಡ್ ಎದ್ದು ಬಂದರೆ ಪುಟದ ಕೋಡ್‌ನಲ್ಲಿ ಆ ಜಾಗದ, ಅಂದರೆ ಇನ್‌ಪುಟ್‌ನ, ಟೈಪ್ ಅನ್ನು ‘ಟೆಲ್’ (tel) ಎಂದು ಬದಲಿಸಿ. ಮಿಂಚಂಚೆಗೆ ‘ಈಮೇಲ್’ (email) ಎಂದೂ, ಮೊತ್ತಕ್ಕೆ ಅಂಕಿಗಳ ಕೀಬೋರ್ಡ್ ಬರುವಂತೆ ಇನ್‌ಪುಟ್‌ಮೋಡ್ (inputmode) ಅನ್ನು ‘ನ್ಯೂಮೆರಿಕ್’ (numeric) ಎಂದೂ ಕೊಡಿ. ಆಟೋಕಂಪ್ಲೀಟ್ ಸರಿಯಾಗಿದ್ದರೆ ಹೆಸರು, ವಿಳಾಸಗಳನ್ನು ಫೋನ್ ತಾನೇ ತುಂಬಿಕೊಡುತ್ತದೆ. ತುಂಬುವ ಜಾಗದ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾಗಿದ್ದರೆ ಐಫೋನಿನ ಸಫಾರಿ ಪುಟವನ್ನು ತಟಕ್ಕನೆ ಹಿಗ್ಗಿಸುತ್ತದೆ, ಬಳಕೆದಾರರು ಎಲ್ಲಿದ್ದೇವೆಂದು ತಡಕಾಡುತ್ತಾರೆ. ಇದಕ್ಕೆ ಪರಿಹಾರ ಅಕ್ಷರವನ್ನು ದೊಡ್ಡದು ಮಾಡುವುದೇ ಹೊರತು ಜೂಮ್ ಮಾಡುವುದನ್ನೇ ತಡೆಯುವುದಲ್ಲ. ಜೂಮ್ ತಡೆದರೆ ದೃಷ್ಟಿ ಮಂದವಾದವರಿಗೆ ಅನ್ಯಾಯವಾಗುತ್ತದೆ. ರಶೀದಿಗೆ ಬೇಕಿಲ್ಲದ ವಿವರವನ್ನು ಕೇಳಲೇಬೇಡಿ.

ವಿನ್ಯಾಸದ ಬುನಾದಿ ಈಗ ಎಲ್ಲರಿಗೂ ತಿಳಿದದ್ದೇ. ಪರದೆಯ ಅಗಲಕ್ಕೆ ತಕ್ಕಂತೆ ಪುಟ ತಾನೇ ಹೊಂದಿಕೊಳ್ಳುವ, ಜಾಲ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ ರೆಸ್ಪಾನ್ಸಿವ್ ವಿನ್ಯಾಸವೆಂದು ಹೆಸರಿಟ್ಟ ಕ್ರಮವನ್ನು ಇಂದಿನ ಬಹುತೇಕ ಥೀಮ್‌ಗಳು, ಅಂದರೆ ತಾಣದ ಸಿದ್ಧ ವಿನ್ಯಾಸಗಳು, ಅನುಸರಿಸುತ್ತವೆ. ಹಳೆಯ ತಾಣದಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್, ಅಂದರೆ ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸಲು ಬ್ರೌಸರ್‌ಗೆ ಹೇಳುವ ಕೋಡ್ ಸಾಲು, ಇದೆಯೇ ಎಂದು ನೋಡಿ. ಅದಿಲ್ಲದಿದ್ದರೆ ಫೋನಿನ ಬ್ರೌಸರ್ ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದೆಂದು ಭಾವಿಸಿ ಕುಗ್ಗಿಸಿ ತೋರಿಸುತ್ತದೆ. 320 ಪಿಕ್ಸೆಲ್ ಅಗಲದಲ್ಲೂ ಅಡ್ಡಕ್ಕೆ ಸರಿಸದೆ ಓದಲು ಬರಬೇಕು. ಅಂಗವಿಕಲರಿಗೂ ಜಾಲತಾಣ ಎಟಕುವಂತಿರಲು ರೂಪಿಸಿದ ಡಬ್ಲ್ಯೂಸಿಎಜಿ (WCAG) 2.2 ಮಾರ್ಗಸೂಚಿ ಗುಂಡಿಗಳಿಗೆ ಕನಿಷ್ಠ 24 ಪಿಕ್ಸೆಲ್ ಅಳತೆಯನ್ನು ಹೇಳಿದರೂ, ನಡುಗುವ ಬೆರಳುಗಳನ್ನು ನೆನೆದು 48ರ ಹತ್ತಿರ ಇಡುವುದು ಲೇಸು.

ಪುಟದ ತೂಕವನ್ನು ನಾನು ತಾಂತ್ರಿಕ ಪ್ರಶ್ನೆಯೆಂದಷ್ಟೇ ಕಾಣುವುದಿಲ್ಲ. ದಾನಿಗಳಂತೆಯೇ ನೆರವು ಹುಡುಕುವವರೂ ನಮ್ಮ ತಾಣಕ್ಕೆ ಬರುತ್ತಾರೆ, ಅವರಲ್ಲಿ ಅನೇಕರು ಡೇಟಾವನ್ನು ಲೆಕ್ಕ ಹಾಕಿ ಬಳಸುತ್ತಾರೆ. ನಾವು ಹಾಕಿದ ಚಿತ್ರದ ಭಾರವನ್ನು ಅವರು ತಮ್ಮ ಹಣದಿಂದ ಹೊರುತ್ತಾರೆ. ಕ್ಯಾಮೆರಾದಿಂದ ನೇರವಾಗಿ ಏರಿಸಿದ ಫೋಟೋ ಹಲವು ಎಂಬಿ ಇರಬಹುದು. ಫೋನಿನ ಪರದೆಗೆ 800ರಿಂದ 1200 ಪಿಕ್ಸೆಲ್ ಅಗಲ ಸಾಕು. ವೆಬ್‌ಪಿ (WebP) ಎಂಬ ಚಿತ್ರ ರೂಪಕ್ಕೆ ಬದಲಿಸಿದರೆ ಗಾತ್ರ ಇನ್ನೂ ಇಳಿಯುತ್ತದೆ. ಪುಟದ ಕೆಳಭಾಗದ ಚಿತ್ರಗಳಿಗೆ ಲೇಜಿ ಲೋಡಿಂಗ್ ಕೊಡಿ, ಅಂದರೆ ಓದುಗರು ಅಲ್ಲಿಗೆ ತಲುಪುವಾಗಷ್ಟೇ ಅವು ಇಳಿಯಲಿ, ಪುಟದ ಮೇಲ್ತುದಿಯ ಚಿತ್ರಕ್ಕೆ ಮಾತ್ರ ಬೇಡ, ಅದು ತಡವಾಗಿ ಕಾಣಿಸುತ್ತದೆ. ಪ್ರತಿ ಚಿತ್ರದ ಅಗಲ, ಎತ್ತರಗಳನ್ನು ಕೋಡ್‌ನಲ್ಲಿ ಬರೆದಿದ್ದರೆ ಓದುತ್ತಿರುವ ಸಾಲು ಇದ್ದಕ್ಕಿದ್ದಂತೆ ಕೆಳಗೆ ಜಾರುವುದಿಲ್ಲ. ತಾನಾಗಿ ಓಡುವ ವಿಡಿಯೋ, ಸ್ಲೈಡರ್‌ಗಳನ್ನು ತೆಗೆದುಬಿಡಿ. ಬಂದವರ ಚಲನವಲನವನ್ನು ಹಿಂಬಾಲಿಸುವ ಜಾಹೀರಾತು ಕಂಪನಿಗಳ ಟ್ರ್ಯಾಕರ್‌ಗಳನ್ನೂ ತೆಗೆಯಿರಿ: ಅವು ಪುಟವನ್ನು ನಿಧಾನಗೊಳಿಸುವುದಲ್ಲದೆ, ಕಷ್ಟದಲ್ಲಿ ನೆರವು ಕೇಳಲು ಬಂದವರ ಸುಳಿವನ್ನು ಹೊರಗಿನವರಿಗೆ ಮುಟ್ಟಿಸುತ್ತವೆ.

ನೆರವಿನ ಮಾಹಿತಿಯನ್ನು ಪಿಡಿಎಫ್‌ನಲ್ಲಿ ಹುದುಗಿಸಿಡುವುದು ಇನ್ನೊಂದು ರೂಢಿ. ಎ4 ಹಾಳೆಯನ್ನು ಅಂಗೈಯಗಲದ ಪರದೆಯಲ್ಲಿ ಎಡಕ್ಕೂ ಬಲಕ್ಕೂ ಎಳೆದಾಡಿ ಓದುವ ಕಷ್ಟವನ್ನು ಯಾರಿಗೂ ಕೊಡಬಾರದು. ಅದನ್ನು ಸಾಮಾನ್ಯ ಪುಟವಾಗಿಸಿ, ಸಹಾಯವಾಣಿಯ ಸಂಖ್ಯೆಯನ್ನು ತಟ್ಟಿದೊಡನೆ ಕರೆ ಹೋಗುವ ಲಿಂಕ್ ಮಾಡಿ.

ಇಷ್ಟಾದ ಮೇಲೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಸಾಧನದಲ್ಲಿ ಪುಟದ ವೇಗವನ್ನು ಅಳೆಯಿರಿ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳುವುದು, ತಟ್ಟಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದನೆ ಸಿಗುವುದು ಒಳ್ಳೆಯ ಮಟ್ಟ. ಗೂಗಲ್ ಹುಡುಕಾಟ ಮೊಬೈಲ್ ಆವೃತ್ತಿಯನ್ನೇ ಆಧಾರವಾಗಿ ಇಟ್ಟುಕೊಳ್ಳುವುದರಿಂದ, ಜಾಗ ಉಳಿಸಲೆಂದು ಫೋನಿನಲ್ಲಿ ಬರಹವನ್ನು ಕೈಬಿಡಬೇಡಿ.

ಏರಿಸಿದ ಫೋಟೋಗಳು ತಾವಾಗಿ ಕುಗ್ಗುವಂತೆ ತಾಣದಲ್ಲೇ ವ್ಯವಸ್ಥೆ ಮಾಡಿಟ್ಟರೆ, ಮುಂದೆ ಬರುವ ಸ್ವಯಂಸೇವಕರಿಗೆ ಅದನ್ನು ನೆನಪಿಡುವ ಹೊರೆ ಇರುವುದಿಲ್ಲ. ಥೀಮ್ ಅಥವಾ ಪಾವತಿ ವ್ಯವಸ್ಥೆ ಬದಲಾದಾಗಲೆಲ್ಲ ಅದೇ ಹಳೆಯ ಫೋನಿನಿಂದ ಅದೇ ಚಿಕ್ಕ ಮೊತ್ತವನ್ನು ಇನ್ನೊಮ್ಮೆ ಕಳುಹಿಸಿ, ರಶೀದಿ ಬಂದಿತೇ ಎಂದು ನೋಡಿ.