ಗೊತ್ತಿಲ್ಲದ ಹೋಸ್ಟಿಂಗ್ ಚಾರ್ಜ್ ಯಾರದ್ದು ಅಂತ ನಾನು ಪತ್ತೆ ಮಾಡುವ ರೀತಿ

ನಾನು ಕೆಲವು ಸಣ್ಣ ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುತ್ತೇನೆ. ಒಂದಷ್ಟು ನನ್ನವು, ಒಂದಷ್ಟು ಗೆಳೆಯರವು, ಕೆಲವು ಸಂಘಗಳವು. ಬಹುಪಾಲು ಎಲ್ಲದರ ಹೋಸ್ಟಿಂಗ್‌ಗೂ, ಅಂದರೆ ಸೈಟ್ ಇಡುವ ಸರ್ವರಿನ ಬಾಡಿಗೆಗೂ, ದುಡ್ಡು ಕಟ್ ಆಗುವುದು ನನ್ನ ಕಾರ್ಡಿನಿಂದ, ಆಮೇಲೆ ಅವರವರ ಹತ್ತಿರ ಇಸಿದುಕೊಳ್ಳುತ್ತೇನೆ. ಹಾಗಾಗಿ ಸ್ಟೇಟ್‌ಮೆಂಟಿನ ಪ್ರತಿ ಸಾಲೂ ಯಾರ ಲೆಕ್ಕದ್ದು ಅಂತ ನನಗೆ ಗೊತ್ತಿರಲೇಬೇಕು. ಗುರುತು ಸಿಗದ ಚಾರ್ಜ್ ಕಂಡಾಗ ತುಂಬಾ ಜನ ಮೊದಲು ಅಲ್ಲಿರುವ ಹೆಸರನ್ನು ಗೂಗಲ್ ಮಾಡುತ್ತಾರೆ. ನಾನು ಹೆಸರನ್ನು ಕೊನೆಗೆ ನೋಡುತ್ತೇನೆ. ಮೊದಲು ಮೊತ್ತ, ಆಮೇಲೆ ತಾರೀಖು, ಆಮೇಲೆ ಮೇಲ್ ಬಾಕ್ಸ್.

ಯಾಕೆ ಅಂದ್ರೆ ಆ ಹೆಸರನ್ನು ನಂಬಿಕೊಂಡು ಕೂತರೆ ಕೆಲಸ ಆಗುವುದಿಲ್ಲ. ಸ್ಟೇಟ್‌ಮೆಂಟಿನಲ್ಲಿ ಹೆಸರಿಗೆ ಸಿಗುವ ಜಾಗ ತೀರಾ ಕಡಿಮೆ. ಸ್ಟ್ರೈಪ್ ಅನ್ನುವ ಪಾವತಿ ಸೇವೆಯ ಮೂಲಕ ಹಣ ತೆಗೆದುಕೊಳ್ಳುವವರಿಗೆ ನಕ್ಷತ್ರ ಗುರುತು, ಖಾಲಿ ಜಾಗ ಎಲ್ಲ ಸೇರಿ 22 ಅಕ್ಷರ, ಅಷ್ಟೇ. ಹೀಗಾಗಿ ಹೆಸರು ಅರ್ಧಕ್ಕೇ ತುಂಡಾಗುತ್ತದೆ. ನಕ್ಷತ್ರಕ್ಕಿಂತ ಮೊದಲು ಇರುವುದು ಸಾಮಾನ್ಯವಾಗಿ ದುಡ್ಡು ವಸೂಲಿ ಮಾಡಿದವರ ಗುರುತು, ಅದರ ನಂತರ ಇರುವುದು ಮಾರಿದವರದ್ದು ಅಥವಾ ಬರೀ ಒಂದು ಆರ್ಡರ್ ನಂಬರ್. ಪೇಪಾಲ್ ಮೂಲಕ ಹೋಗಿದ್ದರೆ ಸಾಲು ಪೇಪಾಲ್ ಅಂತಲೇ ಶುರುವಾಗುತ್ತದೆ. ಪ್ಯಾಡಲ್, ಫಾಸ್ಟ್‌ಸ್ಪ್ರಿಂಗ್ ಥರದ ಕಂಪನಿಗಳು ಬೇರೆಯವರ ಪರವಾಗಿ ತಾವೇ ಮಾರುತ್ತವೆ, ಅಲ್ಲೂ ಮೊದಲು ಕಾಣುವುದು ಅವರ ಹೆಸರೇ. ನಮಗೆ ಹೋಸ್ಟಿಂಗ್ ಕೊಟ್ಟವನು ಇನ್ಯಾರೋ.

ಪಕ್ಕದಲ್ಲಿ ಯಾವುದೋ ದೂರದ ಊರಿನ ಹೆಸರು ಇರುತ್ತದಲ್ಲ, ಅದಕ್ಕೂ ಗಾಬರಿ ಬೇಡ. ಅದು ಸಾಮಾನ್ಯವಾಗಿ ಕಂಪನಿಯ ಆಫೀಸ್ ಇರುವ ಜಾಗ. ನಮ್ಮ ಸರ್ವರ್ ಅಲ್ಲಿದೆ ಅಂತಲೂ ಅಲ್ಲ, ಅಲ್ಲಿ ಕೂತು ಯಾರೋ ನಮ್ಮ ಕಾರ್ಡ್ ಉಜ್ಜಿದ್ದಾರೆ ಅಂತಲೂ ಅಲ್ಲ. ಕೆಲವರು ಊರಿನ ಜಾಗದಲ್ಲಿ ಫೋನ್ ನಂಬರ್ ಇಲ್ಲವೇ ವೆಬ್ ವಿಳಾಸ ತುಂಬಿಸುತ್ತಾರೆ. ಇದು ನಿಜಕ್ಕೂ ಒಳ್ಳೆಯ ಅಭ್ಯಾಸ, ಎಲ್ಲರೂ ಹೀಗೇ ಮಾಡಿದರೆ ಈ ತಲೆನೋವು ಅರ್ಧ ಇಳಿಯುತ್ತಿತ್ತು.

ಇನ್ನೊಂದು ಗೊಂದಲ, ಕಂಪನಿಗಳೇ ಕೈ ಬದಲಾಗುವುದು. 2023ರಲ್ಲಿ ಗೂಗಲ್ ತನ್ನ ಡೊಮೇನ್ (ಸೈಟಿನ ವಿಳಾಸದ ಹೆಸರು) ವ್ಯಾಪಾರವನ್ನು ಸ್ಕ್ವೇರ್‌ಸ್ಪೇಸ್ ಅನ್ನುವ ಕಂಪನಿಗೆ ಮಾರಿತು. ಗೂಗಲ್‌ನಲ್ಲಿ ಡೊಮೇನ್ ಕೊಂಡು ಮರೆತವರಿಗೆ ಆಮೇಲಿನ ರಿನ್ಯೂವಲ್ ಸ್ಕ್ವೇರ್‌ಸ್ಪೇಸ್ ಹೆಸರಲ್ಲಿ ಬಂದರೆ "ನಾನು ಇವರ ಹತ್ತಿರ ಏನೂ ಕೊಂಡೇ ಇಲ್ವಲ್ಲ" ಅನ್ನಿಸುವುದು ಸಹಜ ಅಲ್ವಾ? ಹೋಸ್ಟಿಂಗ್‌ನಲ್ಲಿ ಇಂಥ ಕೊಡು-ಕೊಳ್ಳುವಿಕೆ ಬಹಳ.

ಸರಿ, ಈಗ ಮೊತ್ತದ ವಿಷಯ. ಮೊದಲು ಆ ಸಾಲು ಪೆಂಡಿಂಗ್ ಇದೆಯೋ, ಪೂರ್ತಿ ಆಗಿದೆಯೋ ನೋಡುತ್ತೇನೆ. ಕಾರ್ಡ್ ಜೀವಂತ ಇದೆಯಾ ಅಂತ ಪರೀಕ್ಷಿಸಲು ಕೆಲವು ಕಂಪನಿಗಳು ಒಂದು ಡಾಲರಿನಷ್ಟು ಹಿಡಿದಿಟ್ಟು ಬಿಟ್ಟುಬಿಡುತ್ತವೆ, ಅದು ಕೆಲವು ದಿನದಲ್ಲಿ ತಾನಾಗಿಯೇ ಮಾಯವಾಗುತ್ತದೆ. ಪೂರ್ತಿ ಆಗಿದ್ದರೆ ಆ ಸಾಲನ್ನು ಒತ್ತಿ ವಿವರ ತೆರೆಯುತ್ತೇನೆ. ನನಗೆ ಬೇಕಾಗಿರುವುದು ಮೂಲ ಕರೆನ್ಸಿಯ ಮೊತ್ತ. ನಮ್ಮ ಹಣಕ್ಕೆ ಪರಿವರ್ತನೆಯಾಗಿ ಬಂದ ಅಂಕಿಯನ್ನು ಮೇಲ್‌ನಲ್ಲಿ ಹುಡುಕಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ, ಏಕೆಂದರೆ ಇನ್‌ವಾಯ್ಸ್‌ನಲ್ಲಿ ಆ ಅಂಕಿ ಇರುವುದೇ ಇಲ್ಲ. ಡಾಲರೋ ಯೂರೋವೋ, ಅದನ್ನು ಪೈಸೆ ಸಮೇತ ಹುಡುಕಬೇಕು. ಹೊರದೇಶದ ವ್ಯವಹಾರಕ್ಕೆ ಅಂತ ಬ್ಯಾಂಕ್ ಹಾಕುವ ಶುಲ್ಕ ಕೆಲವೊಮ್ಮೆ ಬೇರೆಯೇ ಸಾಲಾಗಿ ಬರುತ್ತದೆ, ಅದನ್ನು ಎರಡನೇ ಹೋಸ್ಟಿಂಗ್ ಚಾರ್ಜ್ ಅಂದುಕೊಳ್ಳಬೇಡಿ. ಕೆಲವು ಆ್ಯಪ್‌ಗಳು ವ್ಯಾಪಾರದ ಕೋಡ್ ಕೂಡ ತೋರಿಸುತ್ತವೆ. 4816 ಅಂತ ಇದ್ದರೆ ಅದು ಕಂಪ್ಯೂಟರ್ ನೆಟ್‌ವರ್ಕ್ ಸೇವೆಗಳ ಗುಂಪು, ಹೋಸ್ಟಿಂಗ್ ಇರುವ ಸಾಧ್ಯತೆ ಜಾಸ್ತಿ.

ಆಮೇಲೆ ತಾರೀಖು. ಹೋಸ್ಟಿಂಗ್ ಹೆಚ್ಚಾಗಿ ವರ್ಷಗಳ ಲೆಕ್ಕದಲ್ಲಿ ಓಡುತ್ತದೆ. ಹಾಗಾಗಿ ಚಾರ್ಜ್ ಆದ ದಿನದಿಂದ ಸರಿಯಾಗಿ ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಹಿಂದಕ್ಕೆ ಹೋಗಿ, ಅಲ್ಲಿಂದ ಒಂದು ತಿಂಗಳು ಆಚೀಚೆ ಮೇಲ್ ಹುಡುಕುತ್ತೇನೆ. ಆಚೀಚೆ ಯಾಕೆ ಅಂದ್ರೆ ಬಹಳ ಕಂಪನಿಗಳು ಅವಧಿ ಮುಗಿಯುವ ದಿನದವರೆಗೆ ಕಾಯುವುದಿಲ್ಲ, ಮುಂಚೆಯೇ ಕಾರ್ಡಿಗೆ ಕೈ ಹಾಕುತ್ತವೆ. ಡೊಮೇನ್ ಆದರೆ ಇನ್ನೂ ಸುಲಭ. ಡಾಟ್ ಕಾಮ್, ಡಾಟ್ ಆರ್ಗ್ ಥರದವಕ್ಕೆ ಡೊಮೇನ್‌ಗಳ ಉಸ್ತುವಾರಿ ಸಂಸ್ಥೆ ಐಕ್ಯಾನ್‌ನ ನಿಯಮ ಇದೆ: ಡೊಮೇನ್ ಮಾರಿದ ಕಂಪನಿ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮುಂಚೆ ಒಂದು, ಒಂದು ವಾರ ಮುಂಚೆ ಇನ್ನೊಂದು ಎಚ್ಚರಿಕೆ ಮೇಲ್ ಕಳಿಸಲೇಬೇಕು. ಅಂದರೆ ಎಲ್ಲೋ ಒಂದು ಕಡೆ ಆ ಮೇಲ್ ಬಂದು ಬಿದ್ದಿರುತ್ತದೆ. ಎಲ್ಲಿ ಅನ್ನುವುದೇ ಪ್ರಶ್ನೆ.

ಒಂದು ಉದಾಹರಣೆ ಹೇಳುತ್ತೇನೆ. ಒಮ್ಮೆ ನನ್ನ ಸ್ಟೇಟ್‌ಮೆಂಟಿನಲ್ಲಿ ನಾಲ್ಕು ಅಕ್ಷರ, ಒಂದು ನಕ್ಷತ್ರ, ಉದ್ದನೆಯ ನಂಬರ್, ಇಷ್ಟೇ ಇದ್ದ ಸಾಲು ಬಂತು. ಮೊತ್ತ ನಾನು ಬಲ್ಲ ಯಾವ ಪ್ಲಾನಿಗೂ ಹೊಂದುವುದಿಲ್ಲ. ನನ್ನ ಮೇಲ್‌ನಲ್ಲಿ ಆ ಡಾಲರ್ ಅಂಕಿ ಇಲ್ಲ, ಸ್ಪ್ಯಾಮ್‌ನಲ್ಲೂ ಇಲ್ಲ. ಆಗ ದಾರಿ ಬದಲಿಸಿದೆ. ನಾನು ನೋಡಿಕೊಳ್ಳುವ ಡೊಮೇನ್‌ಗಳನ್ನೆಲ್ಲ ಒಂದೊಂದಾಗಿ ಐಕ್ಯಾನ್‌ನ ಲುಕಪ್ ಪುಟದಲ್ಲಿ ಹಾಕಿದೆ. ಅಲ್ಲಿ ಮಾಲೀಕರ ಹೆಸರು ಬಹುತೇಕ ಮುಚ್ಚಿರುತ್ತದೆ, ಆದರೆ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿದ ಕಂಪನಿ) ಯಾರು, ಅವಧಿ ಯಾವತ್ತು ಮುಗಿಯುತ್ತದೆ, ಕೊನೆಯ ಬದಲಾವಣೆ ಯಾವತ್ತು ಆಗಿದೆ, ನೇಮ್‌ಸರ್ವರ್ (ಡೊಮೇನ್ ಹೆಸರನ್ನು ಸೈಟ್ ಇರುವ ಸರ್ವರಿಗೆ ಜೋಡಿಸುವುದು) ಯಾರದ್ದು ಅಂತ ಸ್ಪಷ್ಟವಾಗಿ ಇರುತ್ತದೆ. ಒಂದು ಡೊಮೇನ್‌ನಲ್ಲಿ ಕೊನೆಯ ಬದಲಾವಣೆಯ ತಾರೀಖು ನನ್ನ ಚಾರ್ಜಿನ ಹಿಂದಿನ ದಿನದ್ದು, ಮುಗಿಯುವ ತಾರೀಖು ವರ್ಷ ಮುಂದಕ್ಕೆ ಜಿಗಿದಿತ್ತು. ಸಿಕ್ಕಿತು. ಹಳೆಯ ಸಂಘವೊಂದರ ಸೈಟ್ ಅದು.

ಅವರ ಕಾರ್ಯದರ್ಶಿಗೆ ಫೋನ್ ಮಾಡಿ, ನಿಮ್ಮ ಸಂಘದ ಮೇಲ್‌ಗೆ ಇನ್‌ವಾಯ್ಸ್ ಬಂದಿದೆಯಾ ನೋಡಿ ಸರ್ ಅಂದೆ. "ಅದಾ? ಅದನ್ನ ಯಾರೂ ತೆರೆಯೋದೇ ಇಲ್ವಲ್ರೀ" ಅಂದರು. ಪಾಸ್‌ವರ್ಡ್ ರೀಸೆಟ್ ಮಾಡಿ ತೆರೆದರೆ ಎಚ್ಚರಿಕೆಗಳು, ಇನ್‌ವಾಯ್ಸ್ ಎಲ್ಲ ಅಲ್ಲೇ ಇವೆ. ಆ ಒಂದೇ ಮೊತ್ತದೊಳಗೆ ಮೂರು ಸಾಲು: ಡೊಮೇನ್ ರಿನ್ಯೂವಲ್, ಹೋಸ್ಟಿಂಗ್ ಪ್ಲಾನ್, ಸೈಟ್ ಬ್ಯಾಕಪ್. ಮೇಲೆ ತೆರಿಗೆ. ಮೊತ್ತ ಯಾವ ಪ್ಲಾನಿಗೂ ಹೊಂದದೇ ಇದ್ದದ್ದು ಇದಕ್ಕೇ. ಬ್ಯಾಕಪ್ ಮೊದಲ ವರ್ಷ ಪುಕ್ಕಟೆ ಅಂತ ಸೇರಿಕೊಂಡಿದ್ದು, ಈಗ ಪೂರ್ತಿ ಬೆಲೆ. ಹೋಸ್ಟಿಂಗ್ ಕೂಡ ಶುರುವಿನ ರಿಯಾಯಿತಿ ಮುಗಿದು ಮಾಮೂಲಿ ದರಕ್ಕೆ ಏರಿತ್ತು. ಇದರಲ್ಲಿ ಮೋಸ ಅನ್ನುವಂಥದ್ದು ಏನಿಲ್ಲ, ಕೊಳ್ಳುವಾಗ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆದರೂ ನನಗೆ ಈ ಪದ್ಧತಿ ಒಂಚೂರೂ ಇಷ್ಟ ಇಲ್ಲ.

ಕ್ಲೌಡ್, ಅಂದರೆ ಬಳಸಿದಷ್ಟಕ್ಕೆ ದುಡ್ಡು ಕೊಡುವ ಬಾಡಿಗೆ ಸರ್ವರ್, ಅದರ ಬಿಲ್ಲುಗಳದ್ದು ಬೇರೆಯೇ ಸ್ವಭಾವ. ಅವು ತಿಂಗಳು ತಿಂಗಳು ಬರುತ್ತವೆ, ಪ್ರತಿ ಸಲ ಬೇರೆ ಮೊತ್ತ, ಹಾಗಾಗಿ ಹಳೆಯ ಅಂಕಿಗೆ ಹೋಲಿಸಿ ಹುಡುಕುವಂತಿಲ್ಲ. ಸರ್ವರ್ ನಿಲ್ಲಿಸಿದ್ದೇನೆ, ಆದರೂ ಯಾಕೆ ದುಡ್ಡು ಹೋಗುತ್ತಿದೆ ಅಂತ ಕೇಳುವವರಿಗೆ ಉತ್ತರ ಬಹಳ ಸಲ ಡಿಸ್ಕ್. ಸರ್ವರ್ ನಿಲ್ಲಿಸಿದರೂ ಅದರ ಡಿಸ್ಕ್, ಸ್ನ್ಯಾಪ್‌ಶಾಟ್ (ಡಿಸ್ಕಿನ ನಕಲು) ಉಳಿದುಕೊಂಡಿರುತ್ತವೆ, ಅವಕ್ಕೆ ಬಾಡಿಗೆ ನಡೆಯುತ್ತಲೇ ಇರುತ್ತದೆ. ಇಂಟರ್‌ನೆಟ್‌ನಲ್ಲಿ ಸರ್ವರಿಗೆ ಇರುವ ನಂಬರ್, ಅಂದರೆ ಐಪಿ ವಿಳಾಸ, ಇನ್ನೊಂದು. ಅಮೆಜಾನ್ ವೆಬ್ ಸರ್ವಿಸಸ್ 2024ರ ಫೆಬ್ರವರಿ 1ರಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್ ಹಾಕುತ್ತಿದೆ. ಕೇಳಲಿಕ್ಕೆ ಏನೂ ಅಲ್ಲ, ಆದರೆ 30 ದಿನದ ತಿಂಗಳಿಗೆ ಒಂದು ವಿಳಾಸಕ್ಕೆ 3.60 ಡಾಲರ್ ಆಗುತ್ತದೆ. ಕ್ಲೌಡ್‌ನಲ್ಲಿ ಬಿಲ್ಲಿಂಗ್ ಪುಟ ತೆರೆದು ಸೇವೆವಾರು, ಪ್ರದೇಶವಾರು ನೋಡುವುದೊಂದೇ ದಾರಿ. ಪ್ರದೇಶ, ಅಂದರೆ ಸರ್ವರ್ ಇರುವ ಜಾಗ, ಮುಖ್ಯ. ನಿರ್ವಹಣೆಯ ಪುಟ (ಕನ್ಸೋಲ್) ಒಂದು ಪ್ರದೇಶ ತೋರಿಸುತ್ತಿರುವಾಗ ಡಿಸ್ಕ್ ಇನ್ನೊಂದರಲ್ಲಿ ಕೂತಿರಬಹುದು.

ಇಷ್ಟೆಲ್ಲ ಆದರೂ ಸಿಗಲಿಲ್ಲ ಅಂದರೆ ಮಾತ್ರ ಹೆಸರಿನ ಬೆನ್ನು ಹತ್ತುತ್ತೇನೆ. ಹುಡುಕಾಟದಲ್ಲಿ ಮೊದಲಿಗೆ ಸಿಗುವ ಫೋನ್ ನಂಬರಿಗೆ ಕರೆ ಮಾಡುವುದಿಲ್ಲ. ಸಹಾಯವಾಣಿ ಅಂತ ಸುಳ್ಳು ನಂಬರ್ ಹಾಕಿ ಕಾಯುವವರು ಬೇಕಾದಷ್ಟಿದ್ದಾರೆ. ಕಂಪನಿಯ ವಿಳಾಸವನ್ನು ನಾನೇ ಟೈಪ್ ಮಾಡಿ, ಅವರ ಬಿಲ್ಲಿಂಗ್ ವಿಭಾಗಕ್ಕೆ ಬರೆಯುತ್ತೇನೆ: ಚಾರ್ಜ್ ಆದ ತಾರೀಖು, ಮೂಲ ಕರೆನ್ಸಿಯಲ್ಲಿ ಮೊತ್ತ, ಕಾರ್ಡಿನ ಕೊನೆಯ 4 ಅಂಕಿ, ಸ್ಟೇಟ್‌ಮೆಂಟಿನಲ್ಲಿ ಇರುವ ಸಾಲು ಇದ್ದ ಹಾಗೇ. ಹುಡುಕಲು ಅವರಿಗೆ ಇಷ್ಟು ಸಾಕು. ಪೂರ್ತಿ ಕಾರ್ಡ್ ನಂಬರ್, ಹಿಂಬದಿಯ 3 ಅಂಕಿ, ಒಟಿಪಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಬ್ಯಾಂಕಿಗೆ ದೂರು ಕೊಡುವುದು ಯಾಕೆ ಮೊದಲಲ್ಲ? ಬ್ಯಾಂಕ್ ಮೂಲಕ ಹಣ ವಾಪಸ್ ಕೇಳಿದರೆ ಅದರ ಬಿಸಿ ಹೋಸ್ಟಿಂಗ್ ಕಂಪನಿಗೆ ತಟ್ಟುತ್ತದೆ, ಅವರಿಗೆ ದಂಡದ ಶುಲ್ಕವೂ ಬೀಳುತ್ತದೆ. ಬಹಳ ಕಂಪನಿಗಳು ತಕ್ಷಣ ಅಕೌಂಟನ್ನೇ ಬಂದ್ ಮಾಡುತ್ತವೆ. ಚಾರ್ಜ್ ನಿಜಕ್ಕೂ ನಮ್ಮದೇ ಆಗಿದ್ದು ಗುರುತು ಸಿಕ್ಕಿರಲಿಲ್ಲ ಅಷ್ಟೇ ಅಂದರೆ, ಸೈಟ್, ಮೇಲ್, ಡೊಮೇನ್ ಮೂರಕ್ಕೂ ಒಟ್ಟಿಗೇ ಬೀಗ. ಹೀಗಾಗಿ ಎರಡು ಮೂರು ದಿನ ಕಂಪನಿಯನ್ನು ಕೇಳಿ ನೋಡುವುದರಲ್ಲಿ ನಷ್ಟ ಇಲ್ಲ. ವೀಸಾದಲ್ಲಿ ಇಂಥ ತಕರಾರಿಗೆ ಸಾಮಾನ್ಯವಾಗಿ 120 ದಿನದ ಅವಕಾಶ ಇರುತ್ತದೆ, ಆದರೆ ನಿಮ್ಮ ಬ್ಯಾಂಕಿನ ಗಡುವು ಇನ್ನೂ ಕಡಿಮೆ ಇರಬಹುದು, ಕೇಳಿಕೊಳ್ಳಿ.

ಕಂಪನಿಯವರೇ "ಈ ಅಕೌಂಟ್ ನಿಮ್ಮ ಮೇಲ್ ವಿಳಾಸದ್ದಲ್ಲ" ಅಂದರೆ ವಿಷಯ ಬೇರೆ. ಕದ್ದ ಕಾರ್ಡಿನಿಂದ ಹೋಸ್ಟಿಂಗ್ ಕೊಂಡು ನಕಲಿ ಸೈಟ್ ಎಬ್ಬಿಸುವುದು ಹಳೆಯ ದಂಧೆ. ಮೊದಲು ಚಿಲ್ಲರೆ ಮೊತ್ತ ಹಾಕಿ ಕಾರ್ಡ್ ಓಡುತ್ತದಾ ನೋಡಿ, ಆಮೇಲೆ ದೊಡ್ಡದು ಹಾಕುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಆ ಜೋಡಿ ಕಂಡರೆ ಎರಡು ಮೂರು ದಿನದ ಮಾತೇ ಇಲ್ಲ, ಯಾರ ಉತ್ತರಕ್ಕೂ ಕಾಯದೆ ಕಾರ್ಡ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ದೂರು ಕೊಡಿ.

ನಮ್ಮದೇ ಚಾರ್ಜ್, ಆದರೆ ಇನ್ನು ಬೇಡ ಅಂದರೆ? ಹೊಸ ಕಾರ್ಡ್ ತಗೊಂಡರೆ ತಾನಾಗಿ ನಿಲ್ಲುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಹೊಸ ಕಾರ್ಡಿನ ವಿವರವನ್ನು ಹಳೆಯ ವ್ಯಾಪಾರಿಗಳಿಗೆ ತಲುಪಿಸುವ ಸೇವೆ ಇದೆ, ಬ್ಯಾಂಕ್ ಅದರಲ್ಲಿ ಸೇರಿದ್ದರೆ ಹೊಸ ಕಾರ್ಡಿನಿಂದಲೂ ಕಟ್ ಆಗುತ್ತದೆ. ನಿಲ್ಲಿಸಬೇಕಾದ್ದು ಕಂಪನಿಯ ಪ್ಯಾನೆಲ್‌ನಲ್ಲಿ, ಒಂದೊಂದು ಸೇವೆಗೂ ಬೇರೆ ಬೇರೆಯಾಗಿ ಆಟೋ ರಿನ್ಯೂ ಆಫ್ ಮಾಡಬೇಕು. ಹೋಸ್ಟಿಂಗ್ ಆಫ್ ಮಾಡಿದ ಮಾತ್ರಕ್ಕೆ ಬ್ಯಾಕಪ್ ಆಫ್ ಆಗುತ್ತದೆ ಅಂತಿಲ್ಲ. ಡೊಮೇನ್ ಮಾತ್ರ ಹತ್ತು ಸಲ ಯೋಚಿಸಿ. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಮೇಲೆ ಹೆಚ್ಚೆಂದರೆ 45 ದಿನದ ವಿನಾಯಿತಿ, ಆಮೇಲೆ 30 ದಿನ ದುಬಾರಿ ಶುಲ್ಕ ಕೊಟ್ಟು ಬಿಡಿಸಿಕೊಳ್ಳುವ ಅವಕಾಶ, ಕೊನೆಗೆ 5 ದಿನ ಸುಮ್ನೆ ನೋಡುತ್ತಾ ಕೂರಬೇಕು, ಅದಾದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು.

ಆ ಸಂಘದ ಕೇಸಿನಲ್ಲಿ ಡೊಮೇನ್ ಮತ್ತು ಹೋಸ್ಟಿಂಗ್ ಇಟ್ಟುಕೊಂಡು ಬ್ಯಾಕಪ್ ಒಂದನ್ನು ತೆಗೆಸಿದೆ. ಬಳಸೇ ಇಲ್ಲ ಅಂತ ಬರೆದಿದ್ದಕ್ಕೆ ಅದರ ದುಡ್ಡು ವಾಪಸ್ ಕೊಟ್ಟರು. ಅದು ಸ್ಟೇಟ್‌ಮೆಂಟಿನಲ್ಲಿ ಬೇರೆಯೇ ಜಮಾ ಸಾಲಾಗಿ ಬಂತು. ಡಾಲರ್ ಲೆಕ್ಕ ಸರಿಯಾಗೇ ಇದ್ದರೂ ಆವತ್ತಿನ ವಿನಿಮಯ ದರ ಬೇರೆ ಇದ್ದದ್ದರಿಂದ ನಮ್ಮ ಹಣದಲ್ಲಿ ಒಂಚೂರು ಕಡಿಮೆ. ಬ್ಯಾಂಕ್ ಹಾಕಿದ್ದ ಶುಲ್ಕ ವಾಪಸ್ ಬರಲಿಲ್ಲ. ಕಾರ್ಯದರ್ಶಿಗೆ ಕಳಿಸಿದ ಲೆಕ್ಕದಲ್ಲಿ ಅದನ್ನೂ ಒಂದು ಸಾಲು ಬರೆದು, ಬಿಲ್ಲಿಂಗ್ ಮೇಲ್ ವಿಳಾಸವನ್ನು ಯಾರಾದರೂ ದಿನಾ ತೆರೆಯುವ ವಿಳಾಸಕ್ಕೆ ಬದಲಾಯಿಸಿದೆ.