ಊಟಕ್ಕೆ ತಕರಾರು ಮಾಡುವ ಮಗುವಿಗೆ ಮೊಳಕೆ ರಾಗಿ ಶೇಕ್: ನಾನು ಮಾಡುವ ಬಗೆ

ಊಟದ ಬದಲು ಕೊಡುವ ಲೋಟದಲ್ಲಿ ಊಟದಷ್ಟೇ ಸತ್ವ ಇರಬೇಕು. ಹಾಲಿಗೆ ಎರಡು ಚಮಚ ಚಾಕೊಲೇಟ್ ಪುಡಿ ಕಲಸಿ ಕೊಟ್ಟರೆ ಅದು ಸಿಹಿ ಹಾಲು, ತಿಂಡಿಯಲ್ಲ. ಐಸಿಎಂಆರ್-ಎನ್ಐಎನ್ (ರಾಷ್ಟ್ರೀಯ ಪೋಷಣಾ ಸಂಸ್ಥೆ) 2020ರ ಲೆಕ್ಕದ ಪ್ರಕಾರ ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1360 ಕಿಲೊಕ್ಯಾಲೊರಿ, 16 ಗ್ರಾಂ ಪ್ರೋಟೀನ್ ಬೇಕು. ಒಂದರಿಂದ ಮೂರು ವರ್ಷಕ್ಕೆ 1010 ಕಿಲೊಕ್ಯಾಲೊರಿ. ಬೆಳಗಿನ ತಿಂಡಿಗೆ ಇದರ ಕಾಲುಭಾಗ ಎಂದಿಟ್ಟುಕೊಂಡರೆ ದೊಡ್ಡ ಮಗುವಿಗೆ 300ರಿಂದ 350, ಚಿಕ್ಕದಕ್ಕೆ 200ರಿಂದ 250. ಇದನ್ನು ಒಂದೇ ಲೋಟದಲ್ಲಿ, ಮಗು ಗಟಗಟ ಕುಡಿಯುವಷ್ಟು ತೆಳ್ಳಗೆ ತುಂಬುವುದು ಹೇಗೆ ಅನ್ನುವುದೇ ಕಷ್ಟದ ಭಾಗ. ಸತ್ವಕ್ಕೆಂದು ಹಿಟ್ಟು ಹೆಚ್ಚು ಹಾಕಿದರೆ ಗಂಜಿ ಗಟ್ಟಿಯಾಗುತ್ತದೆ, ಮಗು ಎರಡು ಗುಟುಕಿಗೆ ಬಾಯಿ ಮುಚ್ಚುತ್ತದೆ. ತೆಳುವಾಗಲೆಂದು ನೀರು ಹೊಯ್ದರೆ ಹೊಟ್ಟೆ ತುಂಬುತ್ತದೆಯೇ ಹೊರತು ಮೈಗೆ ಏನೂ ಹತ್ತುವುದಿಲ್ಲ.

ಈ ಗಂಟನ್ನು ಬಿಡಿಸುವುದು ಮೊಳಕೆ. ರಾಗಿ ಮೊಳೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಬೇಯಿಸುವಾಗ ಅದು ಪಿಷ್ಟವನ್ನು ತುಂಡರಿಸುವುದರಿಂದ ಅಷ್ಟೇ ಹಿಟ್ಟು ಹಾಕಿದರೂ ಗಂಜಿ ನೀರಾಗಿಯೇ ಉಳಿಯುತ್ತದೆ, ಸ್ವಲ್ಪ ಸಿಹಿಯೂ ಬರುತ್ತದೆ. ಮೈಸೂರಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಕ್ಕಳ ಆಹಾರಕ್ಕಾಗಿ ರಾಗಿ ಮಾಲ್ಟಿನ (ಮೊಳಕೆ ಬರಿಸಿ, ಒಣಗಿಸಿ, ಹುರಿದ ರಾಗಿ) ಮೇಲೆ ಬಹಳ ಹಿಂದೆಯೇ ಕೆಲಸ ನಡೆದಿದೆ. ನಮ್ಮ ಅಜ್ಜಿಯರ ರಾಗಿ ಸರಿಯ ಗುಟ್ಟೂ ಇದೇ.

ನಾನು ಒಂದು ಸಲಕ್ಕೆ ಅರ್ಧ ಕೆಜಿ ರಾಗಿ ತೆಗೆದುಕೊಳ್ಳುತ್ತೇನೆ, ಅದಕ್ಕಿಂತ ಹೆಚ್ಚಲ್ಲ. ಕಲ್ಲು ಗಾಳಿಸಿ, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆದು, ಹನ್ನೆರಡು ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಬೇಕು. ಆಮೇಲೆ ನೀರು ಪೂರ್ತಿ ಬಸಿದು ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡುವುದು. ಬಿಗಿಯಾಗಿ ಕಟ್ಟಿದರೆ ಗಂಟಿನ ನಡುಭಾಗ ಬಿಸಿಯೇರಿ ಹುಳಿ ವಾಸನೆ ಬರುತ್ತದೆ. ಏಳೆಂಟು ಗಂಟೆಗೊಮ್ಮೆ ನೀರು ಚಿಮುಕಿಸಿ ಕೈಯಾಡಿಸಬೇಕು. ಬೇಸಿಗೆಯಲ್ಲಿ ಒಂದು, ಒಂದೂವರೆ ದಿನ ಸಾಕು. ಬೆಂಗಳೂರಿನ ಡಿಸೆಂಬರ್ ಚಳಿಗೆ ಎರಡು ದಿನ ಬೇಕಾಗುತ್ತದೆ. ಮೊಳಕೆ ಅರ್ಧ ಸೆಂಟಿಮೀಟರ್ ಆದಾಗ ನಿಲ್ಲಿಸಿ. ಇನ್ನೂ ಉದ್ದ ಬಿಟ್ಟರೆ ಕಾಳಿನ ಸತ್ವವನ್ನು ಮೊಳಕೆಯೇ ತಿಂದುಬಿಡುತ್ತದೆ, ಹಿಟ್ಟು ಕಹಿಯಾಗುತ್ತದೆ.

ಬೇರಿನ ಸುತ್ತ ಬಿಳಿ ನವಿರು ಕಂಡ ಕೂಡಲೇ ಬೂಷ್ಟು ಅಂದುಕೊಂಡು ಒಳ್ಳೆಯ ರಾಗಿಯನ್ನೇ ಎಸೆಯುವವರಿದ್ದಾರೆ. ಆ ನವಿರು ಬೇರಿನದೇ. ನೀರು ಚಿಮುಕಿಸಿದರೆ ಅಂಟಿಕೊಂಡು ಮಾಯವಾಗುತ್ತದೆ, ವಾಸನೆಯೂ ಹಸಿ ಹುಲ್ಲಿನಂತಿರುತ್ತದೆ. ಬೂಷ್ಟು ಹಾಗಲ್ಲ. ಬೂದು ಅಥವಾ ಕಪ್ಪು ಬಣ್ಣದಲ್ಲಿ ಕಾಳುಗಳನ್ನು ಒಂದಕ್ಕೊಂದು ಹೆಣೆದಿರುತ್ತದೆ, ಮುಗ್ಗಲು ವಾಸನೆ ಹೊಡೆಯುತ್ತದೆ. ಅಂಥದ್ದು ಒಂದು ಹಿಡಿ ಕಂಡರೂ ಇಡೀ ಗಂಟು ತಿಪ್ಪೆಗೆ. ಆರಿಸಿ ಉಳಿಸಿಕೊಳ್ಳುವ ಮಾತೇ ಇಲ್ಲ.

ಮೊಳಕೆಯನ್ನು ತೆಳ್ಳಗೆ ಹರಡಿ ಎರಡು ದಿನ ಬಿಸಿಲಿಗೆ ಹಾಕಿ, ಅಂಗೈಯಲ್ಲಿ ಉಜ್ಜಿ, ಬೇರು ಉದುರಿಸಿ ಮೊರದಲ್ಲಿ ಕೇರುತ್ತೇನೆ. ನಂತರ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಘಮ ಬರುವವರೆಗೆ ಮಾತ್ರ ಹುರಿಯುವುದು. ಕಾಳು ಸಿಡಿಯುವಷ್ಟು ಹುರಿದರೆ ಕಿಣ್ವ ಸತ್ತಿತು. ಆಮೇಲೆ ಮೊಳಕೆ ಬರಿಸಿದ ಶ್ರಮವೆಲ್ಲ ದಂಡ, ಹಿಟ್ಟು ಸಾಮಾನ್ಯ ರಾಗಿಯಂತೆಯೇ ಗಟ್ಟಿಯಾಗುತ್ತದೆ. ಗಿರಣಿಗೆ ಕೊಡುವುದಾದರೆ ಮೆಣಸಿನಪುಡಿ ಬೀಸಿದ ಕಲ್ಲಿಗೆ ಹಾಕದಂತೆ ಹೇಳಿ, ತಂದ ಮೇಲೆ ತೆಳುಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿ. ತಕರಾರಿನ ಮಗುವಿನ ನಾಲಿಗೆಗೆ ಒಂದು ಚೂರು ತೌಡು ಸಿಕ್ಕರೂ ಆ ಲೋಟ ಮುಗಿದಂತೆ. ಪೂರ್ತಿ ಆರಿದ ಮೇಲೆ ಒಣ ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಒಂದು ತಿಂಗಳು ಬರುತ್ತದೆ.

ಜೊತೆಗೆ ಎರಡು ಪುಡಿ ಬೇರೆ ಬೇರೆ ಡಬ್ಬಿಯಲ್ಲಿರುತ್ತವೆ. ಒಂದು ಹುರಿಗಡಲೆ ಹಿಟ್ಟು. ಇನ್ನೊಂದು ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜದ ಪುಡಿ. ಬೀಜ ಕೊಳ್ಳುವಾಗ ಮುರುಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದನ್ನೆಲ್ಲ ಆರಿಸಿ ತೆಗೆಯಿರಿ. ಅದರಲ್ಲಿರುವ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಎಣ್ಣೆಯಂಶ ಬೇಗ ಕಮಟುವುದರಿಂದ ವಾರಕ್ಕಾಗುವಷ್ಟೇ ಪುಡಿ ಮಾಡಿ. ಕಡಲೆಕಾಯಿ ಎಂದೂ ತಿನ್ನದ ಮಗುವಾದರೆ ಶೇಕ್‌ಗೆ ಮೊದಲು ಚಿಟಿಕೆಯಷ್ಟು ಬೇರೆಯಾಗಿ ಕೊಟ್ಟು ನೋಡಬೇಕು. ತುಟಿ ಊದುವುದು, ದದ್ದು, ವಾಂತಿ ಆದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ನಾಲ್ಕೈದು ವರ್ಷದ ಮಗುವಿಗೆ ಒಂದು ಲೋಟಕ್ಕೆ: ಮೊಳಕೆ ರಾಗಿ ಹಿಟ್ಟು 15 ಗ್ರಾಂ, ಹುರಿಗಡಲೆ ಹಿಟ್ಟು 10 ಗ್ರಾಂ, ಕಡಲೆಕಾಯಿ ಪುಡಿ 8 ಗ್ರಾಂ, 4.5% ಕೊಬ್ಬಿನ ಹಾಲು 150 ಮಿಲಿ, ನೀರು 80 ಮಿಲಿ, ಒಂದು ಏಲಕ್ಕಿ ಬಾಳೆ, ಅರ್ಧ ಟೀ ಚಮಚ ತುಪ್ಪ. ಹೆಚ್ಚೂಕಡಿಮೆ 300 ಕಿಲೊಕ್ಯಾಲೊರಿ, 10 ಗ್ರಾಂ ಪ್ರೋಟೀನ್ ಆಗುತ್ತದೆ. ಎರಡು ಮೂರು ವರ್ಷದ್ದಕ್ಕೆ ಎಲ್ಲದರಲ್ಲೂ ಮೂರರಲ್ಲಿ ಎರಡು ಪಾಲು. ಮೊದಲ ವಾರ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ನಿಮ್ಮ ಮನೆಯ ಚಮಚಕ್ಕೆ ಎಷ್ಟು ಬರುತ್ತದೆ ಎಂದು ಗುರುತು ಮಾಡಿಕೊಳ್ಳಿ. ಒಬ್ಬೊಬ್ಬರ ಮನೆಯ ‘ಒಂದು ಚಮಚ’ ಒಂದೊಂದು ಅಳತೆ.

ರಾಗಿ ಹಿಟ್ಟನ್ನು ತಣ್ಣೀರಲ್ಲೇ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಗೆ ಇಡಬೇಕು. ಕುದಿಯುವ ಹಾಲಿಗೆ ಹಿಟ್ಟು ಸುರಿದರೆ ಕಿಣ್ವಕ್ಕೆ ಕೆಲಸ ಮಾಡಲು ಪುರಸೊತ್ತೇ ಸಿಗುವುದಿಲ್ಲ. ಅದು ಚುರುಕಾಗಿರುವುದು ಸುಮಾರು 60ರಿಂದ 70 ಡಿಗ್ರಿಯಲ್ಲಿ. ಅಂದರೆ ಆವಿ ಏಳುತ್ತಿದೆ, ಗುಳ್ಳೆ ಬಂದಿಲ್ಲ ಅನ್ನುವ ಹೊತ್ತು. ಆ ಹದದಲ್ಲಿ ಐದಾರು ನಿಮಿಷ ಕೈಯಾಡಿಸುತ್ತಿದ್ದರೆ ಮೊದಲು ದಪ್ಪಗಾದದ್ದು ಕಣ್ಣೆದುರೇ ಸಡಿಲವಾಗುತ್ತದೆ. ಅಲ್ಲಿಂದ ಕುದಿಸಿ, ಹುರಿಗಡಲೆ ಹಿಟ್ಟನ್ನು ಸ್ವಲ್ಪ ಹಾಲಲ್ಲಿ ಕದಡಿ ಸೇರಿಸಿ, ಉಳಿದ ಹಾಲು ಹೊಯ್ದು ಮತ್ತೊಮ್ಮೆ ಚೆನ್ನಾಗಿ ಕುದಿ ಬರಿಸಿ. ಮೊಳಕೆಯ ತೇವದಲ್ಲಿ ಬ್ಯಾಕ್ಟೀರಿಯಾ ಬೆಳೆದಿರುವ ಸಾಧ್ಯತೆ ಇರುವುದರಿಂದ ಈ ಕುದಿ ತಪ್ಪಿಸುವಂತಿಲ್ಲ. ಉಗುರುಬೆಚ್ಚಗಾದ ಮೇಲೆ ಬಾಳೆ, ಕಡಲೆಕಾಯಿ ಪುಡಿ, ತುಪ್ಪ ಹಾಕಿ ಮಿಕ್ಸಿಯಲ್ಲಿ ತಿರುಗಿಸುವುದು. ಬಾಳೆ ಹಾಕಿದ ಮೇಲೆ ಇಟ್ಟರೆ ಕಪ್ಪಾಗುತ್ತದೆ, ಆಗಲೇ ಕುಡಿಸಬೇಕು. ಮಾಗಿದ ಬಾಳೆ ಇದ್ದರೆ ಬೆಲ್ಲ ಬೇಡವೇ ಬೇಡ. ಹಾಕಲೇಬೇಕೆಂದರೆ ಒಲೆಯಿಂದ ಇಳಿಸಿ ಆರಿದ ಮೇಲೆ ಹಾಕಿ, ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ.

ಹಣ್ಣು ಬದಲಿಸುವುದಾದರೆ ಚಿಕ್ಕು, ಸಿಹಿಯಾದ ಬಾದಾಮಿ ಮಾವು, ನೆನೆಸಿದ ಖರ್ಜೂರ ಹೊಂದುತ್ತವೆ. ಹಸಿ ಅನಾನಸ್, ಕಿವಿ ಹಣ್ಣು ಹಾಕಬೇಡಿ. ಅವುಗಳ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಸ್ವಲ್ಪ ಹೊತ್ತಿಗೇ ಕಹಿ ಮಾಡುತ್ತದೆ. ಪರಂಗಿಯೂ ಅದೇ ಜಾತಿ.

ಎಷ್ಟೇ ಚೆನ್ನಾಗಿ ಮಾಡಿದರೂ ಈ ಲೋಟದಲ್ಲಿ ಕಬ್ಬಿಣ ಇಲ್ಲವೆಂದೇ ತಿಳಿಯಿರಿ. 15 ಗ್ರಾಂ ರಾಗಿಯಿಂದ ಸಿಗುವುದು ಒಂದು ಮಿಲಿಗ್ರಾಂಗೂ ಕಡಿಮೆ. ನಾಲ್ಕರಿಂದ ಆರು ವರ್ಷಕ್ಕೆ ಬೇಕಾದದ್ದು ದಿನಕ್ಕೆ 11 ಮಿಲಿಗ್ರಾಂ, ಮೇಲಾಗಿ ಹಾಲಿನ ಕ್ಯಾಲ್ಸಿಯಂ ಇರುವುದನ್ನೂ ಹೀರಲು ಬಿಡುವುದಿಲ್ಲ. ಕ್ಯಾಲ್ಸಿಯಂಗೆ ಮಾತ್ರ ಈ ಲೋಟ ಗಟ್ಟಿ, ದಿನದ 550 ಮಿಲಿಗ್ರಾಂನಲ್ಲಿ 200ಕ್ಕೂ ಹೆಚ್ಚು ಇಲ್ಲೇ ಬರುತ್ತದೆ. ಹಾಗಾಗಿ ಕಾಳು, ಸೊಪ್ಪು, ಮೊಟ್ಟೆ, ತಿನ್ನುವವರಾದರೆ ಮಾಂಸ, ಇವು ಹಾಲಿಲ್ಲದ ಹೊತ್ತಿನ ಊಟದಲ್ಲಿ ಬರಬೇಕು, ಕಬ್ಬಿಣ ಮೈಗೆ ಹತ್ತಲೆಂದು ಪಕ್ಕದಲ್ಲಿ ಒಂದು ಹೋಳು ಸೀಬೆಹಣ್ಣು ಅಥವಾ ನಾಲ್ಕು ಹನಿ ನಿಂಬೆರಸ. ದಿನದ ಒಟ್ಟು ಹಾಲು ಅರ್ಧ ಲೀಟರ್ ದಾಟದಿರಲಿ. ‘ಏನೂ ತಿನ್ನಲ್ಲ’ ಎಂದು ಕರೆತರುವ ಎಷ್ಟೋ ಮಕ್ಕಳ ಹೊಟ್ಟೆಯಲ್ಲಿ ಜಾಗ ಹಿಡಿದಿರುವುದು ಹಾಲೇ. ಸರ್ಕಾರಿ ಶಾಲೆಗೆ ಹೋಗುವ ಅಣ್ಣನಿಗೋ ಅಕ್ಕನಿಗೋ ಇದನ್ನೇ ಕೊಡುವುದಾದರೆ ಅಲ್ಲಿ ಕೊಡುವ ಹಾಲು, 2024ರ ಫೆಬ್ರವರಿಯಿಂದ ಬಂದ ರಾಗಿ ಮಾಲ್ಟ್ ಎರಡನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಅಂಗಡಿ ಪುಡಿಗಳಲ್ಲಿ ಎರಡು ಜಾತಿ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿ ಒಂದು. ಅದು ರುಚಿಗೆ, ಊಟದ ಬದಲಿಗಲ್ಲ. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ಇಲ್ಲವೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಬೋರ್ನ್‌ವಿಟಾದಂಥವನ್ನು ಆ ವರ್ಗದಿಂದ ತೆಗೆಯುವಂತೆ ಆನ್‌ಲೈನ್ ಮಳಿಗೆಗಳಿಗೆ ಸೂಚಿಸಿತ್ತು. ಇನ್ನೊಂದು, ಪೀಡಿಯಾಶ್ಯೂರ್‌ನಂಥ ಸಂಪೂರ್ಣ ಪೋಷಣೆಯ ಪುಡಿ. ಡಬ್ಬಿಯ ಮೇಲಿನ ಅಳತೆಯಲ್ಲಿ ನೀರಿಗೆ ಕಲಸಿದರೆ ಮಿಲಿಗೆ ಸುಮಾರು ಒಂದು ಕಿಲೊಕ್ಯಾಲೊರಿ. ಇನ್ನಷ್ಟು ಶಕ್ತಿ ಬರಲೆಂದು ಅದನ್ನು ಹಾಲಿಗೆ ಕಲಸುವುದು ಎಲ್ಲ ಕಡೆ ನಡೆಯುವ ತಪ್ಪು. ಅತಿ ಸಾಂದ್ರವಾಗಿ ಹೊಟ್ಟೆ ಉಬ್ಬರ, ಭೇದಿ, ಮುಂದಿನ ಊಟಕ್ಕೂ ಹಸಿವಿಲ್ಲ. ತೂಕ ಕಡಿಮೆ ಇದ್ದು ವೈದ್ಯರು ಹೇಳಿದರೆ ಅದು ಉಪಯೋಗಕ್ಕೆ ಬರುತ್ತದೆ. ಸುಮ್ಮನೆ ಊಟಕ್ಕೆ ಹಟ ಮಾಡುವ ಮಗುವಿಗೆ ಅಷ್ಟು ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಕೊಡುವ ಹೊತ್ತು ಮಾಡುವ ವಿಧಾನದಷ್ಟೇ ಮುಖ್ಯ. ಶೇಕ್ ಬೆಳಗಿನ ತಿಂಡಿಗೆ ಎಂದು ನಿಗದಿಯಾದರೆ ಅದು ತಿಂಡಿ. ಮಧ್ಯಾಹ್ನ ತಟ್ಟೆ ತಳ್ಳಿದ ಕೂಡಲೇ ‘ಹೋಗ್ಲಿ ಬಿಡು ಪುಟ್ಟ, ಶೇಕ್ ಕುಡಿ’ ಅಂದರೆ ತಟ್ಟೆ ತಳ್ಳಿದ್ದಕ್ಕೆ ಬಹುಮಾನ. ಆದ್ದರಿಂದ ದಿನಕ್ಕೆ ಒಂದೇ ಲೋಟ, ಅದಕ್ಕೆ ಮುಂಚಿನ ಎರಡು ಗಂಟೆ ಬಿಸ್ಕತ್ತು, ಹಾಲು ಏನೂ ಇಲ್ಲ, ಕೂತು ಇಪ್ಪತ್ತು ನಿಮಿಷದೊಳಗೆ ಮುಗಿಯಬೇಕು. ಉಳಿದದ್ದನ್ನು ಹಿಂದೆ ಹಿಂದೆ ಹಿಡಿದುಕೊಂಡು ಓಡುವುದಿಲ್ಲ. ಸಿಪ್ಪರ್, ಬಾಟಲಿ ಬೇಡ, ದಿನವಿಡೀ ಚೀಪಿದರೆ ಹಲ್ಲು ಹುಳುಕು. ರಾತ್ರಿ ಊಟದ ಬದಲು ನಾನು ಎಂದೂ ಕೊಡುವುದಿಲ್ಲ, ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಒಂದು ಹೊತ್ತು ಅದು.

ಮಗು ಲೋಟಕ್ಕೆ ಒಗ್ಗಿಕೊಂಡ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ 20 ಮಿಲಿಯಂತೆ ನೀರು ಕಡಿಮೆ ಮಾಡುತ್ತಾ ಬರುತ್ತೇನೆ. ನೀರು ಮುಗಿದ ಮೇಲೆ ಮೊಳಕೆ ಹಿಟ್ಟಿನ ಅರ್ಧದ ಜಾಗಕ್ಕೆ ಸಾದಾ ರಾಗಿ ಹಿಟ್ಟು ಬರುತ್ತದೆ, ಗಂಜಿ ತಾನಾಗಿ ದಪ್ಪಗಾಗಿ ಬಟ್ಟಲು ಚಮಚಕ್ಕೆ ಇಳಿಯುತ್ತದೆ. ಅಲ್ಲಿಂದ ಬಾಳೆಯನ್ನು ಮಿಕ್ಸಿಗೆ ಹಾಕದೆ ಮೇಲೆ ಹೆಚ್ಚಿ ಹಾಕುವುದು, ಮುಂದೆ ಅದೇ ಹಿಟ್ಟಿಗೆ ಬಾಳೆ ಕಿವುಚಿ ತುಪ್ಪದಲ್ಲಿ ಪುಟ್ಟ ದೋಸೆ. ಯಾವುದಾದರೂ ಹಂತದಲ್ಲಿ ಮುಖ ತಿರುಗಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಒಂದು ವಾರ ನಿಲ್ಲುವುದು. ಗಟ್ಟಿಯಾದದ್ದು ಯಾವುದೇ ಬಂದರೂ ಓಕರಿಕೆ, ನುಂಗುವಾಗ ಕೆಮ್ಮು, ತೂಕ ನಿಂತುಹೋಗುವುದು, ಮಣ್ಣು ಸುಣ್ಣ ತಿನ್ನುವುದು ಕಂಡರೆ ಇದು ಬರೀ ಹಟವಲ್ಲ, ಮಕ್ಕಳ ವೈದ್ಯರ ಹತ್ತಿರ ಹೋಗಿ.

ಸಿಹಿಯೇ ಸೇರದ ಮಕ್ಕಳಿಗೆ ಇದೇ ರಾಗಿ, ಹುರಿಗಡಲೆಯನ್ನು ನೀರಲ್ಲಿ ಕುದಿಸಿ ಪೂರ್ತಿ ಆರಿಸಿ, 100 ಗ್ರಾಂ ಗಟ್ಟಿ ಮೊಸರು, ಕಡಲೆಕಾಯಿ ಪುಡಿ, ತುಪ್ಪದಲ್ಲಿ ಹುರಿದ ಜೀರಿಗೆಯ ಪುಡಿ, ಚಿಟಿಕೆ ಉಪ್ಪು ಸೇರಿಸಿ ಕಡೆದು ಕೊಡಿ. ಗಂಜಿ ಬಿಸಿಯಿದ್ದಾಗಲೇ ಮೊಸರು ಹಾಕಿದರೆ ಒಡೆದು ನೀರು ಬಿಡುತ್ತದೆ. ಇದು 200 ಕಿಲೊಕ್ಯಾಲೊರಿಯ ಆಸುಪಾಸಿನದು, ಆದ್ದರಿಂದ ಜೊತೆಗೆ ಅರ್ಧ ಇಡ್ಲಿಯಾದರೂ ತಟ್ಟೆಯಲ್ಲಿರಲಿ.